ಒಂದು ಯೆಜ್ಡಿಯ ಪಾಠಾಂತರಗಳು

ಹಳೆಯ ಕೃತಿಯೊಂದನ್ನು ಇವತ್ತಿನವರ ಕೈಗೆ ಕೊಡುವಾಗ ಅದರಲ್ಲಿ ಎಷ್ಟನ್ನು ಬದಲಾಯಿಸಬಹುದು, ಎಷ್ಟನ್ನು ಮುಟ್ಟಲೇಬಾರದು? ಕನ್ನಡ ಎಂ.ಎ. ತರಗತಿಗಳಲ್ಲಿ ಗ್ರಂಥಸಂಪಾದನೆಯ ಪಾಠ ಕೇಳಿದವರಿಗೆಲ್ಲ ಈ ಪ್ರಶ್ನೆ ಪರಿಚಿತ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ 1964ರಲ್ಲಿ ಬಂತು. ಮೂಲಪಾಠ, ಪಾಠಾಂತರ, ಪ್ರಕ್ಷಿಪ್ತ ಎಂಬ ಮಾತುಗಳಿಗೆ ನಮ್ಮಲ್ಲಿ ಇವತ್ತಿಗೂ ಆ ಪುಸ್ತಕವೇ ಆಧಾರ. ನಾನು ಆ ಮಾತುಗಳನ್ನು ಇಲ್ಲಿ ಓಲೆಗರಿಗೆ ಹಚ್ಚುತ್ತಿಲ್ಲ. ಹರವೆಯ ನಮ್ಮ ಮನೆ ಜಗುಲಿಯ ಪಕ್ಕ ನಿಲ್ಲುವ, ವಾರಕ್ಕೆ ನಾಲ್ಕು ದಿನವಾದರೂ ಚಾಮರಾಜನಗರಕ್ಕೋ ಗುಂಡ್ಲುಪೇಟೆಗೋ ಹೋಗಿಬರುವ ಯೆಜ್ಡಿ ರೋಡ್‌ಕಿಂಗ್ ಒಂದಕ್ಕೆ ಹಚ್ಚುತ್ತಿದ್ದೇನೆ.

ಹಳೆಯ ಗಾಡಿಯನ್ನು ಹೊಸದರಂತೆ ದಿನವೂ ಓಡಿಸುವ ಹುಚ್ಚು ಲೋಕದಲ್ಲಿ ಎಲ್ಲೆಡೆ ಇದೆ. ಅಮೆರಿಕದಲ್ಲಿ 1964ರ ಪಾಂಟಿಯಾಕ್ ಜಿಟಿಒದಿಂದ ಶುರುವಾಯಿತೆಂದು ಹೇಳುವ ‘ಮಸಲ್ ಕಾರು’ಗಳ ಕಾಲವೊಂದಿತ್ತು. ಮಧ್ಯಮ ಗಾತ್ರದ ಮೈಗೆ ಎಂಟು ಸಿಲಿಂಡರಿನ ದೊಡ್ಡ ಎಂಜಿನ್ ಕೂರಿಸಿದ ಗಾಡಿಗಳವು. ಅವಕ್ಕೆ ಈಗ ಡಿಸ್ಕ್ ಬ್ರೇಕು, ಫ್ಯೂಯಲ್ ಇಂಜೆಕ್ಷನ್, ಹೊಸ ಗೇರ್‌ಬಾಕ್ಸ್, ಏಸಿ ಹಾಕಿಸಿ ಆಫೀಸಿಗೆ ಓಡಿಸುವವರಿದ್ದಾರೆ. ಹಾಗೆ ಮಾಡಿದ ಗಾಡಿಗೆ ‘ರೆಸ್ಟೊಮಾಡ್’ ಎಂದು ಹೆಸರು. ನಮ್ಮ ದೇಶದಲ್ಲಿ ಆ ಬಿರುದನ್ನು ಹಿಂದೂಸ್ತಾನ್ ಮೋಟರ್ಸ್‌ನ ಕಾಂಟೆಸಾಗೆ ಕೊಡುವುದುಂಟು. ಆದರೆ ಅದರ ಉದ್ದನೆಯ ಬಾನೆಟ್ಟಿನ ಕೆಳಗೆ ಇದ್ದದ್ದು ನಾಲ್ಕೇ ಸಿಲಿಂಡರು. ನಮ್ಮ ಸೀಮೆಗೆ ಬಂದರೆ ಆ ಸ್ಥಾನ ಸಲ್ಲಬೇಕಾದ್ದು ಜಾವಾ ಮತ್ತು ಯೆಜ್ಡಿಗೆ. ಯಾಕೆಂದರೆ ಅದು ಹುಟ್ಟಿದ್ದು ಮೈಸೂರಿನಲ್ಲಿ.

ಜಾವಾ ಚೆಕ್ ನಾಡಿನ ಹೆಸರು. ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ 1929ರಲ್ಲಿ ತನ್ನ ಹೆಸರಿನ ಮೊದಲ ಅಕ್ಷರಗಳನ್ನು ‘ವಾಂಡರರ್’ ಎಂಬ ಜರ್ಮನ್ ಕಂಪನಿಯ ಮೊದಲ ಅಕ್ಷರಗಳಿಗೆ ಸೇರಿಸಿ ಕಟ್ಟಿದ ಹೆಸರದು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ಮಾಡಲು ತೊಡಗಿತು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಅದನ್ನು ಉದ್ಘಾಟಿಸಿದ್ದರು. ಎಪ್ಪತ್ತರ ದಶಕದಲ್ಲಿ ಜಾವಾ ಹೋಗಿ ಯೆಜ್ಡಿ ಎಂಬ ಹೆಸರು ಬಂತು. 1978ರ ಹೊತ್ತಿಗೆ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ‘ಫಾರೆವರ್ ಬೈಕ್, ಫಾರೆವರ್ ವ್ಯಾಲ್ಯೂ’ ಎಂದು ಜಾಹೀರಾತು ಕೊಡುತ್ತಿದ್ದ ಕಂಪನಿ ಹೋಯಿತು, ಬೈಕು ಉಳಿಯಿತು. ಇಷ್ಟು ವರ್ಷ ಅದನ್ನು ಉಳಿಸಿದವರು ಊರೂರಿನ ಮೆಕ್ಯಾನಿಕ್ಕುಗಳು, ಲೇತ್ ಮೆಷಿನ್ನಿನವರು, ಗುಜರಿ ಅಂಗಡಿಯವರು.

ಈಗ ವಿಮರ್ಶೆಗೆ ಬರುತ್ತೇನೆ. ನಮ್ಮ ಕಣ್ಣ ಮುಂದೆ ಈ ಕೃತಿಯ ಮೂರು ಆವೃತ್ತಿಗಳಿವೆ.

ಮೊದಲನೆಯದು ಪ್ರದರ್ಶನದ ಆವೃತ್ತಿ. ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೇ ಇರಬೇಕೆಂಬ ಹಟದಲ್ಲಿ ಮಾಡಿದ್ದು. ಟ್ಯಾಂಕಿನ ಮೇಲಿನ ಗೆರೆ, ಕ್ರೋಮು, ಬೋಲ್ಟಿನ ತಲೆ ಎಲ್ಲವೂ ಆ ಇಸವಿಯದ್ದೇ ಆಗಬೇಕು. ಇಂಥ ಗಾಡಿ ಕಟ್ಟುವವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಅವರಿಲ್ಲದಿದ್ದರೆ ಮೂಲ ಯಾವುದು ಎಂಬುದೇ ಯಾರಿಗೂ ಗೊತ್ತಿರುತ್ತಿರಲಿಲ್ಲ. ಆದರೆ ಇವರ ನಂಬಿಕೆಯಲ್ಲಿ ಒಂದು ತೊಡಕಿದೆ. ಮೈಸೂರಿನ ಕಾರ್ಖಾನೆ ಮೊದಮೊದಲು ಚೆಕ್ ಬಿಡಿಭಾಗಗಳನ್ನು ತರಿಸಿ ಜೋಡಿಸಿತು, ಆಮೇಲೆ ಒಂದೊಂದನ್ನೇ ಇಲ್ಲಿಯದಕ್ಕೆ ಬದಲಾಯಿಸುತ್ತ ಹೋಯಿತು. ಹೀಗಿರುವಾಗ ಯಾವ ವರ್ಷದ್ದನ್ನು ಮೂಲ ಎನ್ನುವುದು? ಸಂಪಾದಕನ ಮುಂದೆ ಹತ್ತು ಹಸ್ತಪ್ರತಿಗಳಿದ್ದು, ಕವಿಯೇ ಬರೆದ ಪ್ರತಿ ಎಲ್ಲೂ ಇಲ್ಲದಂಥ ಪರಿಸ್ಥಿತಿ ಇದು. ಅದಕ್ಕಿಂತ ದೊಡ್ಡ ತೊಡಕು, ಈ ಗಾಡಿ ಓಡುವುದಿಲ್ಲ. ಟ್ರೈಲರಿನಲ್ಲಿ ಬಂದು, ನಿಂತು, ಫೋಟೊ ತೆಗೆಸಿಕೊಂಡು ವಾಪಸಾಗುತ್ತದೆ. ಓದಿಸಿಕೊಳ್ಳದ ಪುಸ್ತಕಕ್ಕೆ ಚರ್ಮದ ರಟ್ಟು ಹಾಕಿದ ಹಾಗೆ.

ಎರಡನೆಯದು ಪುನರ್‌ರಚನೆ. 2018ರ ನವೆಂಬರಿನಲ್ಲಿ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾ ಹೆಸರನ್ನು ಮತ್ತೆ ತಂದಿತು. 2022ರ ಜನವರಿಯಲ್ಲಿ ಯೆಜ್ಡಿಯೂ ಬಂತು. ಯೆಜ್ಡಿ ಹೆಸರಿನ ಒಡೆತನದ ಜಗಳ ಕರ್ನಾಟಕ ಹೈಕೋರ್ಟಿನವರೆಗೂ ಹೋಯಿತು. ಹೊಸ ಜಾವಾದ ಎಂಜಿನ್ 293 ಸಿಸಿಯ ಫೋರ್ ಸ್ಟ್ರೋಕು, ತಂಪು ಮಾಡಲು ರೇಡಿಯೇಟರು, ಬಟನ್ ಒತ್ತಿದರೆ ಸ್ಟಾರ್ಟು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು ಇರುವುದು ಹಳೆಯ ಜಾವಾದ ಗುರುತಾಗಿತ್ತು. ಹೊಸ ಗಾಡಿಯಲ್ಲೂ ಅದನ್ನು ಉಳಿಸಿಕೊಳ್ಳಲು ಎಂಜಿನಿಯರುಗಳು ಕಷ್ಟಪಟ್ಟಿದ್ದಾರೆ. ಇದನ್ನು ನಾನು ಒಳ್ಳೆಯ ಗದ್ಯಾನುವಾದಕ್ಕೆ ಹೋಲಿಸುತ್ತೇನೆ. ಕತೆ ಬಂದಿದೆ, ಪಾತ್ರಗಳು ಬಂದಿವೆ, ಛಂದಸ್ಸು ಬಂದಿಲ್ಲ. ಹಳೆಯ ಟೂ ಸ್ಟ್ರೋಕ್ ಎಂಜಿನ್ನಿಗೆ ತನ್ನದೇ ಲಯವಿತ್ತು. ನಿಧಾನಕ್ಕೆ ಬಿಟ್ಟಾಗ ಒಂದೊಂದು ಹೊಡೆತವೂ ಬಿಡಿಬಿಡಿಯಾಗಿ ಕೇಳುತ್ತಿತ್ತು, ಏರು ಬಂದಾಗ ದನಿ ದಪ್ಪವಾಗುತ್ತಿತ್ತು. ಗೇರಿನ ಸಲಾಕೆಯನ್ನೇ ಒಳಕ್ಕೆ ಒತ್ತಿ ಹಿಂದಕ್ಕೆ ಎತ್ತಿದರೆ ಅದೇ ಕಿಕ್ಕರು. ಎರಡು ಕೆಲಸಕ್ಕೆ ಒಂದೇ ಸಲಾಕೆ ಎಂಬ ಆ ಯುಕ್ತಿಯಲ್ಲಿ ಒಂದು ಹಳ್ಳಿತನದ ಮಿತವ್ಯಯವಿತ್ತು. ಹಾಗೆಂದು ಗದ್ಯಾನುವಾದವನ್ನು ಹೀಗಳೆಯಲಾರೆ. ಎಷ್ಟೋ ಜನ ಪಂಪನ ಬಳಿಗೆ ಹೋದದ್ದು ಆ ದಾರಿಯಲ್ಲೇ. ಆದರೆ ಅದನ್ನೇ ಪಂಪ ಎಂದು ಮಾರಬಾರದು.

ಮೂರನೆಯದು ನನಗೆ ಮುಖ್ಯವಾದದ್ದು. ಇದು ಬಳಕೆಯ ಆವೃತ್ತಿ. ಹಳೆಯ ಎಂಜಿನ್, ಹಳೆಯ ಚಾಸಿ, ಹಳೆಯ ಹೊರಮೈ ಹಾಗೇ ಇರುತ್ತವೆ. ದಿನವೂ ಓಡಿಸಲು ಅಡ್ಡಿಯಾಗುವುದನ್ನು ಮಾತ್ರ ಬದಲಾಯಿಸುತ್ತಾರೆ. ನಮ್ಮ ಗಾಡಿಯಲ್ಲಿ ಏನೇನು ಬದಲಾಗಿದೆ ಎಂದು ಹೇಳಿದರೆ ವಾದ ಸ್ಪಷ್ಟವಾಗಬಹುದು.

ಮೊದಲು ಕರೆಂಟು. ಇದಕ್ಕಿದ್ದದ್ದು 6 ವೋಲ್ಟಿನ ವ್ಯವಸ್ಥೆ. ಆಕ್ಸಲರೇಟರ್ ಬಿಟ್ಟರೆ ಹೆಡ್‌ಲೈಟು ಬುಡ್ಡಿ ದೀಪದಷ್ಟಕ್ಕೆ ಇಳಿಯುತ್ತಿತ್ತು. ಕತ್ತಲಾದ ಮೇಲೆ ಹಿಂದೆ ದೀಪವೇ ಇಲ್ಲದ ಕಬ್ಬಿನ ಟ್ರಾಕ್ಟರುಗಳ ನಡುವೆ ಆ ಬೆಳಕಿನಲ್ಲಿ ಹೋಗುವುದು ಮೂಲನಿಷ್ಠೆಯಲ್ಲ, ಮೊಂಡುತನ. ಈಗ 12 ವೋಲ್ಟು ಇದೆ. ಪಾಯಿಂಟು, ಕಂಡೆನ್ಸರುಗಳ ಜಾಗಕ್ಕೆ ಸಿಡಿಐ ಬಂದಿದೆ. ಪಾಯಿಂಟಿನ ಕೂದಲೆಳೆಯಷ್ಟು ಸಂದನ್ನು ಮತ್ತೆಮತ್ತೆ ಸರಿಮಾಡುವ ಕೆಲಸ ತಪ್ಪಿದೆ. ಎರಡನೆಯದು ರಬ್ಬರು. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು. ಎಥೆನಾಲು ನೀರನ್ನು ಎಳೆದುಕೊಳ್ಳುತ್ತದೆ, ಟ್ಯಾಂಕಿನ ಒಳಗೆ ತುಕ್ಕು ಹಿಡಿಸುತ್ತದೆ, ಹಳೆಯ ಕಾಲದ ರಬ್ಬರನ್ನು ಉಬ್ಬಿಸುತ್ತದೆ. ಪೆಟ್ರೋಲ್ ಪೈಪು, ಕಾರ್ಬುರೇಟರಿನ ವಾಷರುಗಳನ್ನು ಅದನ್ನು ತಡೆಯುವಂಥವಕ್ಕೆ ಬದಲಾಯಿಸಲೇಬೇಕಾಯಿತು. ಮೂರನೆಯದು ಕ್ರ್ಯಾಂಕಿನ ಆಯಿಲ್ ಸೀಲು. ಅದು ಸವೆದರೆ ಎಂಜಿನ್ನು ಗೇರ್‌ಬಾಕ್ಸಿನ ಆಯಿಲನ್ನೂ ಎಳೆದುಕೊಂಡು ಸುಡುತ್ತದೆ, ಊರೆಲ್ಲ ಹೊಗೆ. ಟೈರುಗಳು ಹೊಸವು, ಬ್ರೇಕು ಡ್ರಮ್ಮೇ, ಲೈನಿಂಗ್ ಮಾತ್ರ ಹೊಸದು.

ಇದನ್ನೆಲ್ಲ ಮಾಡಿದ ಮೆಕ್ಯಾನಿಕ್ಕು ನಮ್ಮ ಕಡೆಯವರೇ. ಡಿಸ್ಕ್ ಬ್ರೇಕ್ ಹಾಕಿಸೋಣವೇ ಎಂದು ಕೇಳಿದಾಗ ಅವರು ಹೇಳಿದ್ದು: “ಬ್ಯಾಡ ಕನಣ್ಣ. ಅದ್ಕ ಮುಂದ್ಗಡ ಫೋರ್ಕ್ನೇ ಕುಯ್ಯಬೇಕಾಯ್ತದ. ವೈರು ಇವತ್ ಆಕ್ಬುಟ್ಟು ನಾಳ ಕಿತ್ತಾಕ್ಬೋದು. ಕುಯ್ದ ಕಬ್ಬುಣ ಮತ್ತ ಕೂಡ್ಕಂಡದ?”

ಪುನರುಜ್ಜೀವನದ ನೀತಿಯ ಬಗ್ಗೆ ನಾನು ಕೇಳಿದ ಅತಿ ಚಿಕ್ಕ, ಅತಿ ಸರಿಯಾದ ಮಾತು ಇದು. ಬದಲಾವಣೆಗಳಲ್ಲಿ ಎರಡು ಬಗೆ. ಹಿಂದಕ್ಕೆ ತರಬಹುದಾದದ್ದು ಒಂದು, ತರಲಾಗದ್ದು ಇನ್ನೊಂದು. ಒಳ್ಳೆಯ ಸಂಪಾದಕ ತಾನು ಒಪ್ಪಿದ ಪಾಠವನ್ನು ಮೇಲೆ ಕೊಟ್ಟು, ಬಿಟ್ಟ ಪಾಠಾಂತರಗಳನ್ನು ಅಡಿಯಲ್ಲಿ ಕೊಡುತ್ತಾನೆ. ತನ್ನ ಆಯ್ಕೆ ತಪ್ಪೆಂದು ನಾಳೆ ಯಾರಿಗಾದರೂ ಅನ್ನಿಸಿದರೆ ಅವರು ಮೂಲಕ್ಕೆ ಹೋಗುವ ದಾರಿ ಮುಚ್ಚಿರಬಾರದು ಎಂಬುದು ಅದರ ಅರ್ಥ. ಸದ್ದಿಲ್ಲದೆ ತಿದ್ದಿ, ತಿದ್ದಿದ್ದೇ ಮೂಲವೆಂದು ಅಚ್ಚು ಹಾಕಿಸುವವನು ಕೃತಿಗೆ ದ್ರೋಹ ಮಾಡುತ್ತಾನೆ. ನಮ್ಮ ಮನೆಯಲ್ಲಿ ಒಂದು ಹಳೆಯ ಟ್ರಂಕಿನಲ್ಲಿ 6 ವೋಲ್ಟಿನ ಕಾಯಿಲು, ಪಾಯಿಂಟಿನ ಪ್ಲೇಟು, ಹಳೆಯ ರೆಗ್ಯುಲೇಟರು ಎಣ್ಣೆ ಬಟ್ಟೆಯಲ್ಲಿ ಸುತ್ತಿಕೊಂಡು ಮಲಗಿವೆ. ಆ ಟ್ರಂಕು ನಮ್ಮ ಗಾಡಿಯ ಅಡಿಟಿಪ್ಪಣಿ.

ಆದರೆ ಹಿಂದಕ್ಕೆ ಬಾರದ ಬದಲಾವಣೆಯನ್ನು ಪೂರ್ತಿ ತಪ್ಪಿಸಲಾಗುವುದೂ ಇಲ್ಲ. ಸಿಲಿಂಡರು ಸವೆದಾಗ ಬೋರ್ ಮಾಡಿಸಬೇಕು, ಒಂದು ಸೈಜು ದೊಡ್ಡ ಪಿಸ್ಟನ್ ಹಾಕಬೇಕು. ಕಾರ್ಖಾನೆಯಲ್ಲಿ ಅದರ ಬೋರು 65 ಮಿಲಿಮೀಟರು. ಕಾಲು ಕಾಲು ಮಿಲಿಮೀಟರಿನಂತೆ ಹೋದರೂ ಒಂದು ದಿನ ಗೋಡೆ ತೆಳುವಾಗಿ ನಿಲ್ಲಲೇಬೇಕು. ಓಡಿಸಿದಷ್ಟೂ ಮೂಲ ಕರಗುತ್ತದೆ. ಪ್ರದರ್ಶನದವರ ವಾದದಲ್ಲಿ ತಿರುಳಿರುವುದು ಇಲ್ಲಿ. ಅದನ್ನು ಒಪ್ಪಿಕೊಂಡೇ ನಾನು ಓಡಿಸುವ ಪಕ್ಷದಲ್ಲಿದ್ದೇನೆ.

ಕಾರಣ ನಮ್ಮ ಜಿಲ್ಲೆಯಲ್ಲೇ ಇದೆ. ಮಂಟೇಸ್ವಾಮಿ ಮತ್ತು ಮಲೆ ಮಾದೇಶ್ವರರ ಕಾವ್ಯಗಳು ಈ ನೆಲದ ದೊಡ್ಡ ಕ್ಲಾಸಿಕ್‌ಗಳು. ನೀಲಗಾರರು ತಂಬೂರಿ ಹಿಡಿದು, ದೇವರ ಗುಡ್ಡರು ಕಂಸಾಳೆ ಹಿಡಿದು ರಾತ್ರಿಯಿಡೀ ಹಾಡುತ್ತ ಬಂದದ್ದರಿಂದ ಅವು ಉಳಿದವು. ಪಿ.ಕೆ. ರಾಜಶೇಖರ, ವೆಂಕಟೇಶ ಇಂದ್ವಾಡಿ ಮುಂತಾದವರು ಅವನ್ನು ಸಂಗ್ರಹಿಸಿ ಅಚ್ಚಿಗೆ ತಂದದ್ದು ಬಹಳ ದೊಡ್ಡ ಕೆಲಸ. ಆದರೆ ಅಚ್ಚಾದ ಪುಸ್ತಕ ಒಬ್ಬ ಹಾಡುಗಾರನ, ಒಂದು ಸಂದರ್ಭದ ಪಾಠ. ಮುಂದಿನ ಹಾಡುಗಾರ ಎದುರು ಕೂತವರನ್ನು ನೋಡಿ ಒಂದು ಕಡೆ ಹಿಗ್ಗಿಸುತ್ತಾನೆ, ಇನ್ನೊಂದು ಕಡೆ ಕುಗ್ಗಿಸುತ್ತಾನೆ. ಮೈಕು ಬಂದಾಗ ಮೈಕಿನಲ್ಲಿ ಹಾಡಿದರು. ಅದರಿಂದ ಕಾವ್ಯ ಕೆಡಲಿಲ್ಲ. ಮಟ್ಟು, ತಾಳ, ಒಕ್ಕಣೆಯ ಹದ ತಪ್ಪಿದ್ದರೆ ಕೆಡುತ್ತಿತ್ತು. ಯಾವುದನ್ನು ಬದಲಾಯಿಸಿದರೆ ಹಾಡು ಹಾಡಾಗಿ ಉಳಿಯುವುದಿಲ್ಲವೋ ಅದನ್ನು ಹಾಡುಗಾರ ಬಲ್ಲ. ಯೆಜ್ಡಿಯ ವಿಷಯದಲ್ಲಿ ಅದು ಎಂಜಿನ್ನು, ಅದರ ಉಸಿರಾಟ, ಆ ಒಂದು ಸಲಾಕೆ. ಬಲ್ಬಿನ ವೋಲ್ಟೇಜು ಅದಲ್ಲ.

ಇಲ್ಲಿಯೇ ಇನ್ನೊಂದು ಮಾತನ್ನೂ ಹೇಳಬೇಕು. ಜಾವಾ ಪ್ರಿಯರು ಅದರ ಹೊಗೆಯ ವಾಸನೆಯನ್ನು ಅತ್ತರಿನಂತೆ ಹೊಗಳುವುದುಂಟು. ಆ ವಾಸನೆ ಪೂರ್ತಿ ಸುಡದ ಪೆಟ್ರೋಲು ಮತ್ತು ಆಯಿಲಿನದ್ದು. ಕ್ಲಾಸಿಕ್ ಎಂಬ ಕಾರಣಕ್ಕೆ ಅದರ ಎಲ್ಲವೂ ಪೂಜ್ಯವಾಗಬೇಕಿಲ್ಲ. ಹಳೆಯ ಕಾವ್ಯ ಓದುವಾಗ ಅದರೊಳಗಿನ ಜಾತಿ, ಹೆಣ್ಣಿನ ಕುರಿತ ಮಾತುಗಳನ್ನು ಕಣ್ಣು ಮುಚ್ಚಿ ದಾಟುವವರು ಕಾವ್ಯವನ್ನೂ ಪೂರ್ತಿ ಓದಿದವರಲ್ಲ. ಆಯಿಲನ್ನು ಅಳೆದು ಹಾಕುವುದು, ಕಡಿಮೆ ಹೊಗೆಯ ಆಯಿಲನ್ನೇ ಹಾಕುವುದು, ಸೀಲು ಸರಿಯಾಗಿಡುವುದು ಓಡಿಸುವವನ ಹೊಣೆ.

ಇಷ್ಟೆಲ್ಲ ಹೇಳುವುದಕ್ಕೆ ಕಾರಣ, ಈ ಮೂರನೇ ಆವೃತ್ತಿಗೆ ಕಾನೂನಿನಲ್ಲಿ ತನ್ನದೇ ಹೆಸರಿಲ್ಲ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳ ನಿಯಮ ತಂದಿತು. 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ಗಾಡಿಗೆ ‘ವಿಎ’ ಎಂಬ ಅಕ್ಷರಗಳ ಬೇರೆ ನಂಬರು ಸಿಗುತ್ತದೆ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನಕ್ಕೆ, ರ್‍ಯಾಲಿಗೆ ಒಯ್ಯಬಹುದು. ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಇನ್ನೊಂದು ಕಡೆ, ಕಂಪನಿ ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲವೆಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಆಧಾರದಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ಸಿಕ್ಕಸಿಕ್ಕ ಎಂಜಿನ್ ಕೂರಿಸಿ ರಸ್ತೆಗಿಳಿಸುವುದನ್ನು ತಡೆಯಲು ಇಂಥ ಬಿಗಿ ಬೇಕು, ನಿಜ. 1978ರ ರೋಡ್‌ಕಿಂಗಿಗೆ 2028ರಲ್ಲಿ 50 ತುಂಬುತ್ತದೆ. ಆಗ ಮಾಲೀಕನ ಮುಂದೆ ಇರುವುದು ಎರಡು ದಾರಿ. ವಿಂಟೇಜ್ ಮಾಡಿಸಿಕೊಂಡು ಮಾನ್ಯತೆ ಪಡೆದು ನಿಲ್ಲಿಸುವುದು, ಇಲ್ಲವೇ 15 ವರ್ಷ ದಾಟಿದ ಬೇರೆಲ್ಲ ಹಳೆಯ ಗಾಡಿಗಳ ಸಾಲಿನಲ್ಲಿ ನಿಂತು ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಿಕೊಳ್ಳುವುದು. ಒಂದರಲ್ಲಿ ಅದು ವಿಗ್ರಹ, ಇನ್ನೊಂದರಲ್ಲಿ ಮುಂದಿನ ಗುಜರಿ.

ಹಳೆಯ ಸಾಹಿತ್ಯವನ್ನೂ ನಾವು ಬಹುಮಟ್ಟಿಗೆ ಹೀಗೇ ನಡೆಸಿಕೊಂಡಿದ್ದೇವೆ ಅನ್ನಿಸುತ್ತದೆ. ಶಾಸ್ತ್ರೀಯ ಭಾಷೆಯ ಸ್ಥಾನಮಾನ 2008ರಲ್ಲಿ ಬಂತು, ಸಂತೋಷಪಟ್ಟೆವು. ಪಂಪ, ರನ್ನರನ್ನು ಪರೀಕ್ಷೆ ಇಲ್ಲದ ದಿನ ಕೈಗೆತ್ತಿಕೊಳ್ಳುವವರು ಎಷ್ಟು ಜನ? ಮೂಲವನ್ನು ಹಾಗೇ ಇಟ್ಟು, ಪದವಿಂಗಡಣೆ ಮಾಡಿ, ಕಠಿಣ ಪದಕ್ಕೆ ಪಕ್ಕದಲ್ಲೇ ಅರ್ಥ ಕೊಟ್ಟು, ದಿನಕ್ಕೆ ನಾಲ್ಕು ಪದ್ಯ ಓದುವವನಿಗೂ ಒದಗುವಂಥ ಆವೃತ್ತಿಗಳು ಕೆಲವು ಬಂದಿವೆ. ಅವೇ ನಮ್ಮ 12 ವೋಲ್ಟಿನ ಯೆಜ್ಡಿಗಳು. ಅಂಥವು ಇನ್ನೂ ಬೇಕು. ಅವನ್ನು ಶುದ್ಧರೂ ಹೊಸಬರೂ ಒಟ್ಟಿಗೇ ಟೀಕಿಸುತ್ತಾರೆ, ಟೀಕಿಸಲಿ.

ಕಾನೂನು ಮಾಡುವವರಲ್ಲಿ ನಾನು ಕೇಳುವುದೂ ಅಷ್ಟೇ. ಎಂಜಿನ್ ನಂಬರು, ಚಾಸಿ ನಂಬರು ಆರ್‌ಸಿ ಪುಸ್ತಕಕ್ಕೆ ಹೊಂದಿಕೊಂಡು, ಮಾಡಿದ ಬದಲಾವಣೆಗಳೆಲ್ಲ ಹಿಂದಕ್ಕೆ ತರಬಹುದಾದವಾಗಿ, ದೀಪ, ಬ್ರೇಕು, ಹೊಗೆ ಮೂರೂ ತಪಾಸಣೆಯಲ್ಲಿ ತೇರ್ಗಡೆಯಾದರೆ, ಆ ಗಾಡಿಗೆ ನಿತ್ಯ ಓಡುವ ಹಕ್ಕಿನ ಸಮೇತ ಒಂದು ಹೆಸರು ಕೊಡಿ. ಬದಲಾವಣೆಗಳ ಪಟ್ಟಿಯೂ ಆರ್‌ಸಿಯಲ್ಲೇ ಇರಲಿ. ಯಾರು, ಯಾವಾಗ, ಏನನ್ನು ತಿದ್ದಿದರು ಎಂದು ಮುಂದೆ ಓಡಿಸುವವನಿಗೆ ಗೊತ್ತಾಗಬೇಕು.