5000 ಥೇಲರುಗಳ ಹಾಡು

ಜರ್ಮನಿಯ ಗೀತನಾಟಕದ ಇತಿಹಾಸದಲ್ಲಿ ವೇಬರನಿಗೂ ವಾಗ್ನರನಿಗೂ ನಡುವೆ ಉಳಿದ ಇಕ್ಕಟ್ಟಿನ ಜಾಗವೇ ಆಲ್ಬರ್ಟ್ ಲೋರ್ಟ್ಸಿಂಗನ ಪಾಲಿಗೆ ಬಂದಿದೆ. ಹಗುರವಾದ ಹಾಸ್ಯ, ಸುಲಭವಾದ ಧಾಟಿ, ಮಧ್ಯಮವರ್ಗದ ಸಂತೃಪ್ತಿ ಎಂದಿಷ್ಟು ಹೇಳಿ ವಿಮರ್ಶಕರು ಮುಂದೆ ಸಾಗುತ್ತಾರೆ. ಈ ತೀರ್ಪು ಅವನ ನಗೆಯನ್ನು ಕೇಳಿದೆಯೇ ಹೊರತು, ಆ ನಗೆ ಏತರ ಮೇಲಿನದೆಂಬುದನ್ನು ವಿಚಾರಿಸಿಲ್ಲ.

1801ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಲೋರ್ಟ್ಸಿಂಗನ ತಂದೆ ತೊಗಲಿನ ವ್ಯಾಪಾರವನ್ನು ಬಿಟ್ಟು ಹೆಂಡತಿಯೊಡನೆ ನಾಟಕವೃತ್ತಿಗೆ ಇಳಿದವನು. ಮಗನೂ ಎಳವೆಯಲ್ಲಿಯೇ ರಂಗವನ್ನೇರಿದ. ಡೆಟ್‌ಮೋಲ್ಡಿನಲ್ಲಿ, ಆಮೇಲೆ ಲೈಪ್‌ಜಿಗ್ಗಿನಲ್ಲಿ ಸಂಬಳಕ್ಕೆ ನಟಿಸಿದ, ಹಾಡಿದ. ತನ್ನ ಕೃತಿಗಳ ಸಾಹಿತ್ಯವನ್ನೂ ಬಹುಮಟ್ಟಿಗೆ ತಾನೇ ಹೊಂದಿಸಿದ. 1837ರಲ್ಲಿ ‘ಜಾರ್ ಮತ್ತು ಬಡಗಿ’ ಮೊದಲ ಬಾರಿ ಪ್ರದರ್ಶಿತವಾದಾಗ ಪೀಟರ್ ಇವಾನೋವನಾಗಿ ಹಾಡಿದವನೂ ಅವನೇ. 1839ರಲ್ಲಿ ಬರ್ಲಿನ್ನು ಮೆಚ್ಚಿದ ಮೇಲೆ ಆ ಕೃತಿ ಜರ್ಮನಿಯ ರಂಗಮಂದಿರಗಳಲ್ಲೆಲ್ಲ ಹಬ್ಬಿತು. ಆದರೆ ಅಂದಿನ ರೂಢಿಯಂತೆ ಸ್ವರಲಿಪಿಯ ಪ್ರತಿಗೆ ಒಮ್ಮೆ ಹಣ ತೆತ್ತರೆ ರಂಗಮಂದಿರದ ಋಣ ತೀರಿತು. ಮುಂದೆ ನೂರು ಸಲ ಆಡಿದರೂ ಕರ್ತೃವಿಗೆ ಕಾಸಿಲ್ಲ. ಫ್ರಾನ್ಸಿನಲ್ಲಾದರೋ 1791ರ ಕಾನೂನೇ ಪ್ರದರ್ಶನದ ಹಕ್ಕನ್ನು ಕರ್ತೃವಿಗೆ ಕೊಟ್ಟಿದ್ದಿತು.

1842ರ ‘ಕಳ್ಳಬೇಟೆಗಾರ’ವನ್ನು ಈ ಹಿನ್ನೆಲೆಯಲ್ಲಿ ಕೇಳಬೇಕು. ಬಡ ಉಪಾಧ್ಯಾಯ ಬಾಕುಲಸನು ತನ್ನ ನಿಶ್ಚಿತಾರ್ಥದ ಊಟಕ್ಕೆಂದು ಕೌಂಟನ ಕಾಡಿನಲ್ಲಿ ಜಿಂಕೆಗೆ ಗುಂಡು ಹಾರಿಸಿ ಕೆಲಸವನ್ನು ಕಳೆದುಕೊಳ್ಳುತ್ತಾನೆ. ಅವನ ವಧುವಿನ ವೇಷದಲ್ಲಿ ಬಂದ ಬೇರೊಬ್ಬಳಿಗೆ ಮನಸೋತ ಬ್ಯಾರನ್ನು, ಅವಳನ್ನು ಬಿಟ್ಟುಕೊಟ್ಟರೆ 5000 ಥೇಲರು ಕೊಡುವೆನೆನ್ನುತ್ತಾನೆ. ಆಗ ಬಾಕುಲಸ್ ಹಾಡುವ ಹಾಡೇ ಕೃತಿಯ ಜೀವಾಳ. ಮೊದಲು ಆ ಮೊತ್ತವನ್ನು ನಂಬಲಾರದೆ ಉಚ್ಚರಿಸುತ್ತಾನೆ, ಮತ್ತೆ ಉಚ್ಚರಿಸುತ್ತಾನೆ, ಬರಬರುತ್ತ ಅಂಕಿಯೇ ಅಮಲಾಗುತ್ತದೆ. ಇದು ಲೋಭಿಯ ಹಾಡೆನ್ನುವವರು ಬಡತನವನ್ನು ಅರಿಯರು. ಆ ಮೊತ್ತವನ್ನು ಎಂದೂ ಎಣಿಸಿ ನೋಡದವನ ಬೆರಗು ಅದು. ಬರೆದವನಿಗೂ ಅದು ಅಪರಿಚಿತವಲ್ಲ. ಕೊನೆಗೆ ಬಾಕುಲಸ್ ಹೊಡೆದುದು ಜಿಂಕೆಯನ್ನಲ್ಲ, ತನ್ನ ಕತ್ತೆಯನ್ನೇ ಎಂದು ತಿಳಿಯುತ್ತದೆ. ಕೆಲಸವೂ ಮರಳಿ ಸಿಗುತ್ತದೆ. ನಗುವೇನೋ ಬರುತ್ತದೆ, ಆದರೆ ಒಬ್ಬನ ಅನ್ನ ಇನ್ನೊಬ್ಬನ ಕಾಗದದ ತುಂಡೊಂದರ ಮೇಲೆ ನಿಂತಿತ್ತೆಂಬುದು ಮರೆಯುವುದಿಲ್ಲ. ಇದರ ಮುಂದೆ 1845ರ ‘ಉಂಡೀನ್’ ಕೃತಿಯ ಜಲಕನ್ಯೆಯ ಮಾಯಾಲೋಕ ತುಸು ಪೇಲವವೆಂದೇ ಹೇಳಬೇಕು.

1848ರಲ್ಲಿ ವಿಯೆನ್ನಾದಲ್ಲಿ ಬರೆದ ‘ರೆಗೀನಾ’ ಕಾರ್ಖಾನೆಯ ಕೂಲಿಕಾರರ ಪ್ರತಿಭಟನೆಯಿಂದಲೇ ಆರಂಭವಾಗುತ್ತದೆ. ಹಾಸ್ಯಗಾರನು ಹಠಾತ್ತನೆ ದಾರಿತಪ್ಪಿದನೆಂಬ ಮಾತು ಸಲ್ಲದು. ಬಾಕುಲಸನ ಪ್ರಶ್ನೆಯನ್ನೇ ಇಲ್ಲಿ ಗುಂಪು ನಗೆಯಿಲ್ಲದೆ ಕೇಳುತ್ತದೆ. ಅದೇ ವರ್ಷದ ನವೆಂಬರಿನಲ್ಲಿ ಅವನ ಲೈಪ್‌ಜಿಗ್ಗಿನ ಗೆಳೆಯ ರಾಬರ್ಟ್ ಬ್ಲೂಮನನ್ನು ವಿಯೆನ್ನಾದಲ್ಲಿ ಗುಂಡಿಕ್ಕಿ ಕೊಂದರು. ‘ರೆಗೀನಾ’ 1899ರವರೆಗೂ ರಂಗವನ್ನು ಕಾಣಲಿಲ್ಲ. ಕಂಡದ್ದೂ ತಿದ್ದಿದ ರೂಪದಲ್ಲಿ.

ಕೊನೆಗೆ ಬರ್ಲಿನ್ನಿನ ಸಣ್ಣ ರಂಗಮಂದಿರವೊಂದರಲ್ಲಿ ವಾದ್ಯವೃಂದದ ನಿರ್ದೇಶಕನಾದ. 1851ರ ಜನವರಿ 20ರಂದು ‘ಗೀತನಾಟಕದ ತಾಲೀಮು’ ಎಂಬ ಅವನ ಏಕಾಂಕವು ಫ್ರಾಂಕ್‌ಫರ್ಟಿನಲ್ಲಿ ಮೊದಲ ಬಾರಿ ನಡೆಯಿತು. ಸಂಗೀತ ಬಲ್ಲ ಆಳುಗಳನ್ನಷ್ಟೇ ಕೆಲಸಕ್ಕೆ ಇಟ್ಟುಕೊಳ್ಳುವ ಕೌಂಟನೊಬ್ಬನ ಕಥೆ ಅದು. ಮರುದಿನ ಬರ್ಲಿನ್ನಿನಲ್ಲಿ ಲೋರ್ಟ್ಸಿಂಗ್ ಸಾಲದಲ್ಲಿಯೇ ತೀರಿಕೊಂಡ.