ದಾನದ ನಾಲ್ಕು ಅಂಗಗಳು ಮತ್ತು ನಗರದ ಬಡತನ

ತನಗೂ ಪರರಿಗೂ ಒಳಿತಾಗಲೆಂದು ತನ್ನ ವಸ್ತುವಿನ ಮೇಲಿನ ಒಡೆತನವನ್ನು ತ್ಯಜಿಸುವುದೇ ದಾನವೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವೂ ಅದರ ವ್ಯಾಖ್ಯಾನಗಳೂ ತಿಳಿಸುತ್ತವೆ. ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ವಿಶೇಷದಿಂದ ದಾನದ ಫಲದಲ್ಲಿ ತಾರತಮ್ಯ ಉಂಟಾಗುತ್ತದೆ ಎಂಬುದೂ ಅಲ್ಲಿಯೇ ಬರುವ ವಿಚಾರ. ಶ್ರಾವಕ ಸಮಾಜಕ್ಕೆ ಇದು ಹೊಸದಲ್ಲ. ಆದರೆ ದಾನವು ‘ಅನುದಾನ’ವಾಗಿ ಮಾರ್ಪಟ್ಟು, ಬಸದಿಗಳ ಟ್ರಸ್ಟುಗಳು, ವ್ಯಾಪಾರಿ ಮನೆತನಗಳು ಹಾಗೂ ದೊಡ್ಡ ಕಂಪನಿಗಳು ಸ್ವಯಂಸೇವಾ ಸಂಸ್ಥೆಗಳ ಮೂಲಕ ನಗರದ ಬಡವರಿಗೆ ನೆರವಾಗುತ್ತಿರುವ ಈ ಕಾಲದಲ್ಲಿ, ನಾಲ್ಕು ಅಂಗಗಳ ಪೈಕಿ ಮೂರು ಹಿಂದೆ ಸರಿದು ದ್ರವ್ಯವೊಂದೇ ಮುಂದೆ ನಿಂತಿದೆ. ಎಷ್ಟು ರೂಪಾಯಿ ಕೊಡಲಾಯಿತು, ಎಷ್ಟು ಕಿಟ್‌ಗಳನ್ನು ಹಂಚಲಾಯಿತು, ಎಷ್ಟು ಹೊಲಿಗೆ ಯಂತ್ರಗಳನ್ನು ಕೊಡಿಸಲಾಯಿತು ಎಂಬ ಲೆಕ್ಕವೇ ವಾರ್ಷಿಕ ವರದಿಗಳ ಸಾರವಾಗಿದೆ. ಈ ಪದ್ಧತಿಯನ್ನು ಶಾಸ್ತ್ರದ ಅಳತೆಗೋಲಿನಿಂದಲೇ ಪರಾಮರ್ಶಿಸುವುದು ಅಗತ್ಯವಾಗಿದೆ.

ವಿಜಯಪುರವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಬರಕ್ಕೆ ಹೆಸರಾದ ಈ ಜಿಲ್ಲೆಯಿಂದ ಗೋವೆ, ಮಂಗಳೂರು, ಮುಂಬಯಿಗಳಿಗೆ ಗುಳೆ ಹೋಗಿ ಕಟ್ಟಡ ಕೆಲಸ ಮಾಡುವವರು ಅನೇಕರು. ಇತ್ತ ತಿಕೋಟಾ, ಬಬಲೇಶ್ವರಗಳ ಕಡೆಯ ಹಳ್ಳಿಗಳಿಂದಲೂ ದೂರದ ರಾಜ್ಯಗಳಿಂದಲೂ ಕೂಲಿ ಅರಸಿ ನಗರಕ್ಕೆ ಬರುವವರಿದ್ದಾರೆ. ಜಲನಗರದಂತಹ ಬಡಾವಣೆಗಳಲ್ಲಿ ಮನೆ ಕಟ್ಟುವವರು, ಕಟ್ಟಿದ ಮನೆಗಳಲ್ಲಿ ಪಾತ್ರೆ ತೊಳೆಯುವವರು, ಅಡತಿ ಅಂಗಡಿಗಳಲ್ಲಿ ಚೀಲ ಹೊರುವವರು ಇಂಥವರೇ. 2023ರ ಡಿಸೆಂಬರ್ 4ರಂದು ಈ ನಗರದ ಕೈಗಾರಿಕಾ ಪ್ರದೇಶದ ಗೋದಾಮೊಂದರಲ್ಲಿ ಮೆಕ್ಕೆಜೋಳದ ದಾಸ್ತಾನು ಕುಸಿದು, ಅದರಡಿಯಲ್ಲಿ ಸಿಲುಕಿದ ಬಿಹಾರದ ಏಳು ಮಂದಿ ಕಾರ್ಮಿಕರು ಅಸುನೀಗಿದರು. ಪರಿಹಾರ ಘೋಷಣೆಯಾಯಿತು, ಶವಗಳು ಊರು ಸೇರಿದವು. ಬದುಕಿರುವಾಗ ಯಾವ ದಾನದ ಪಟ್ಟಿಯಲ್ಲಿಯೂ ಸಾಮಾನ್ಯವಾಗಿ ಕಾಣಿಸಿಕೊಳ್ಳದ ಜನ ಮಡಿದ ಮೇಲೆ ಮಾತ್ರ ಕಣ್ಣಿಗೆ ಬೀಳುತ್ತಾರೆ.

ಆ ದುರಂತದ ಹೊಣೆ ಯಾರದೆಂಬುದು ಕಾನೂನು ನಿರ್ಣಯಿಸಬೇಕಾದ ವಿಷಯ. ಶ್ರಾವಕರ ಮುಂದಿರುವ ಪ್ರಶ್ನೆ ಬೇರೆಯದು. ಅಹಿಂಸಾಣುವ್ರತಕ್ಕೆ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಐದು ಅತಿಚಾರಗಳನ್ನು ಹೇಳಲಾಗಿದೆ. ಶಕ್ತಿಮೀರಿ ಭಾರ ಹೊರಿಸುವುದು ಎತ್ತಿನ ವಿಷಯದಲ್ಲಿ ದೋಷವಾದರೆ ಹಮಾಲನ ವಿಷಯದಲ್ಲಿ ದೋಷವಲ್ಲವೆನ್ನಲು ಆಧಾರವಿಲ್ಲ. ಹೊತ್ತಿಗೆ ಸರಿಯಾಗಿ ಕೂಲಿ ಕೊಡದಿರುವುದು ಅನ್ನಪಾನನಿರೋಧದಿಂದ ದೂರವೇನೂ ಅಲ್ಲ. ಅಂಗಡಿಯಲ್ಲಿ ಸಡಿಲಗೊಂಡ ವ್ರತವನ್ನು ಟ್ರಸ್ಟಿನ ಕಚೇರಿಯಲ್ಲಿ ಬರೆದ ಚೆಕ್ಕು ಬಿಗಿಗೊಳಿಸಲಾರದು. ಶ್ರಾವಕಧರ್ಮವನ್ನು ನಿರೂಪಿಸುವ ಗ್ರಂಥಗಳು ನ್ಯಾಯಾರ್ಜಿತ ಧನವನ್ನು ಗೃಹಸ್ಥನ ಮೊದಲ ಲಕ್ಷಣಗಳಲ್ಲಿ ಎಣಿಸಿರುವುದರ ಅರ್ಥ ಇದೇ. ದಾನದ ವಿಚಾರ ದ್ರವ್ಯದ ಮೊತ್ತದಿಂದಲ್ಲ, ಅದರ ಮೂಲದಿಂದ ಆರಂಭವಾಗಬೇಕು.

ಇನ್ನು ವಿಧಿಯ ಪ್ರಶ್ನೆ. ನಗರದ ಬಡತನವು ಕೇವಲ ವಸ್ತುಗಳ ಅಭಾವವಲ್ಲ. ಪಡಿತರ ಚೀಟಿ ಊರಿನಲ್ಲಿ, ದುಡಿಮೆ ನಗರದಲ್ಲಿ. ಬಾಡಿಗೆ ಕೋಣೆಗೆ ಕರಾರುಪತ್ರವಿಲ್ಲ. ಆಧಾರ್ ಚೀಟಿಯಲ್ಲಿ ಹೆಸರು ಒಂದು, ಬ್ಯಾಂಕಿನಲ್ಲಿ ಇನ್ನೊಂದು. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕಾಗಿ 1996ರಲ್ಲಿಯೇ ಕೇಂದ್ರ ಕಾಯ್ದೆ ಬಂದಿತು. ನಿರ್ಮಾಣ ವೆಚ್ಚದ ಮೇಲೆ ಸೆಸ್ ಸಂಗ್ರಹಿಸಿ ಮಂಡಳಿಯ ಮೂಲಕ ಅವರಿಗೆ ನೆರವು ನೀಡುವ ವ್ಯವಸ್ಥೆಯಾಯಿತು. ಆದರೆ ಸದಸ್ಯತ್ವ ಪಡೆಯಲು ಹಿಂದಿನ ಹನ್ನೆರಡು ತಿಂಗಳಲ್ಲಿ ತೊಂಬತ್ತು ದಿನ ದುಡಿದಿರಬೇಕು. ದಿನಕ್ಕೊಬ್ಬ ಮೇಸ್ತ್ರಿಯ ಕೈಕೆಳಗೆ ದುಡಿಯುವವನಿಗೆ ಅದನ್ನು ಬರೆದುಕೊಡುವವರು ಯಾರು? ವಿಧವಾ ವೇತನ, ಸಂಧ್ಯಾ ಸುರಕ್ಷಾ ಮುಂತಾದವುಗಳ ಕಥೆಯೂ ಇಂತಹುದೇ. ಹಣವಿದೆ, ಹಕ್ಕಿದೆ, ನಡುವೆ ದಾರಿಯಿಲ್ಲ. ಆ ದಾರಿಯುದ್ದಕ್ಕೂ ಬಡವನ ಜೊತೆ ನಡೆದು, ಅರ್ಜಿ ಬರೆದು, ಕಚೇರಿಯ ಬಾಗಿಲಲ್ಲಿ ನಿಲ್ಲುವ ಒಬ್ಬ ಕಾರ್ಯಕರ್ತ ಬೇಕು. ಆ ಕಾರ್ಯಕರ್ತನಿಗೆ ಸಂಬಳ ಬೇಕು. ದಾನಿಗಳು ಕೊಡಲು ಹಿಂಜರಿಯುವುದು ಇದನ್ನೇ.

ಬೆಂಗಳೂರಿನ ಉದಾಹರಣೆಯೊಂದು ಇದನ್ನು ಸ್ಪಷ್ಟಪಡಿಸುತ್ತದೆ. ಬೀದಿಯಲ್ಲಿ ಕಸ ಆಯ್ದು ಬದುಕುವವರಿಗೆ ಅಲ್ಲಿನ ಮಹಾನಗರಪಾಲಿಕೆಯು 2011ರಲ್ಲಿ ಗುರುತಿನ ಚೀಟಿ ನೀಡತೊಡಗಿತು. ಆ ಪ್ರಯತ್ನದ ಜೊತೆಯಲ್ಲಿಯೇ ಬೆಳೆದ ಸಂಸ್ಥೆ ‘ಹಸಿರು ದಳ’. ಚೀಟಿಯ ಬೆಲೆ ಕೆಲವೇ ರೂಪಾಯಿ. ಆದರೆ ಆಯುವವರನ್ನು ಹುಡುಕಿ ಎಣಿಸಿ ಒಗ್ಗೂಡಿಸಿ, ಅವರ ದುಡಿಮೆ ಕಳವಲ್ಲವೆಂದು ಪಾಲಿಕೆಗೂ ಪೊಲೀಸರಿಗೂ ಮನದಟ್ಟು ಮಾಡಿಸಲು ಬಹುಜನರ ಬಹುದಿನಗಳ ಶ್ರಮ ಬೇಕಾಗುತ್ತದೆ. 2020ರಲ್ಲಿ ಎಚ್ ಆ್ಯಂಡ್ ಎಂ ಪ್ರತಿಷ್ಠಾನದ ಅನುದಾನದಿಂದ ‘ಸಾಮೂಹಿಕ ಶಕ್ತಿ’ ಎಂಬ ಕಾರ್ಯಕ್ರಮ ಆರಂಭವಾಗಿ, ಹಸಿರು ದಳವೂ ಸೇರಿದಂತೆ ಹಲವು ಸಂಸ್ಥೆಗಳು ಇದೇ ಜನರಿಗಾಗಿ ವರ್ಷಗಟ್ಟಲೆ ಒಟ್ಟಾಗಿ ದುಡಿಯಲು ಅವಕಾಶವಾಯಿತು. ವಿದೇಶದ ಉಡುಪಿನ ವ್ಯಾಪಾರದಿಂದ ಬಂದ ಹಣಕ್ಕೆ ಕಂಡ ಅಗತ್ಯವು ನೆರೆಹೊರೆಯ ಧರ್ಮಸಂಸ್ಥೆಗಳಿಗೂ ಕಾಣಬೇಕಲ್ಲವೇ?

ಸಂಬಳಕ್ಕೆ ಹಣ ಕೊಡಲು ಕಾನೂನಿನ ಅಡ್ಡಿಯಿದೆಯೆಂಬ ಮಾತು ಆಗಾಗ ಕೇಳಿಬರುತ್ತದೆ. ಅದು ಅರ್ಧಸತ್ಯ. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನ ಪ್ರಕಾರ ನಿಗದಿತ ಮಟ್ಟ ಮೀರಿದ ಕಂಪನಿಗಳು ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕಾರ್ಯಕ್ಕೆ ವೆಚ್ಚ ಮಾಡಬೇಕು. ಅದರಲ್ಲಿ ಆಡಳಿತ ವೆಚ್ಚಕ್ಕಿರುವ ಶೇ. 5ರ ಮಿತಿ ಕಂಪನಿಯ ಸ್ವಂತ ಕಚೇರಿಗೆ ಸಂಬಂಧಿಸಿದ್ದು. ಯೋಜನೆಯನ್ನು ನಡೆಸುವ ಸಂಸ್ಥೆಯ ಕಾರ್ಯಕರ್ತರ ಸಂಬಳಕ್ಕಲ್ಲ. ಬಹುವರ್ಷದ ಯೋಜನೆಗಳಿಗೂ ನಿಯಮದಲ್ಲಿ ಅವಕಾಶವಿದೆ. ನಿಜವಾದ ಬಿಗಿ ಇರುವುದು ವಿದೇಶಿ ವಂತಿಗೆ ಕಾಯ್ದೆಯಲ್ಲಿ: 2020ರ ತಿದ್ದುಪಡಿಯು ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ 20ಕ್ಕೆ ಇಳಿಸಿ, ಒಂದು ಸಂಸ್ಥೆ ಪಡೆದ ವಂತಿಗೆಯನ್ನು ಇನ್ನೊಂದಕ್ಕೆ ವರ್ಗಾಯಿಸುವುದನ್ನು ನಿಷೇಧಿಸಿತು. ಮಹಾನಗರದ ದೊಡ್ಡ ಸಂಸ್ಥೆಗಳ ಮೂಲಕ ಸಣ್ಣ ಊರುಗಳ ಸಂಸ್ಥೆಗಳಿಗೆ ಹರಿಯುತ್ತಿದ್ದ ಹಣಕ್ಕೆ ಇದರಿಂದ ತಡೆಬಿತ್ತು. ಹೀಗಿರುವಾಗ ವಿಜಯಪುರದಂತಹ ನಗರಗಳಲ್ಲಿ ಸ್ಥಳೀಯ ಟ್ರಸ್ಟುಗಳ ಹೊಣೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ಲೆಕ್ಕದ ವರ್ಷ ಮುಗಿಯುವ ಮಾರ್ಚ್ ತಿಂಗಳಿನಲ್ಲಿ ಆತುರಾತುರವಾಗಿ ಹಣ ವಿಲೇವಾರಿ ಮಾಡುವ ರೂಢಿಯನ್ನೂ ಇಲ್ಲಿ ನೆನೆಯಬೇಕು. ಅತಿಥಿಸಂವಿಭಾಗ ವ್ರತದ ಅತಿಚಾರಗಳಲ್ಲಿ ಕಾಲಾತಿಕ್ರಮವೂ ಒಂದು. ಕೊಡುವವನಿಗೆ ಅನುಕೂಲವಾದಾಗ ಕೊಡುವುದು, ಬೇಕಾದಾಗ ಕೊಡದಿರುವುದು ಅದರ ಆಧುನಿಕ ರೂಪ.

ಹಿಂದಿನವರ ವಿವೇಕ ಈ ವಿಷಯದಲ್ಲಿ ಹೆಚ್ಚು ಪ್ರಬುದ್ಧವಾಗಿತ್ತು. ಕನ್ನಡ ನಾಡಿನ ಜೈನ ಶಾಸನಗಳಲ್ಲಿ ಬಸದಿಗೆ ಭೂಮಿಯನ್ನು ದತ್ತಿ ಬಿಡುವಾಗ ಪೂಜೆಗೆ, ಋಷಿಯರ ಆಹಾರದಾನಕ್ಕೆ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಎಂದು ಉದ್ದೇಶಿಸುವುದು ವಾಡಿಕೆ. ಕಟ್ಟಡ ಕಟ್ಟಿಸಿದರೆ ಸಾಲದು, ಅದನ್ನು ನಡೆಸುವ ನಿತ್ಯದ ಖರ್ಚಿಗೆ ವರ್ಷವರ್ಷವೂ ಹುಟ್ಟುವಳಿ ಬೇಕೆಂಬ ಅರಿವು ಅಲ್ಲಿದೆ. ಲಕ್ಕುಂಡಿಯಲ್ಲಿ 1007ರಲ್ಲಿ ಬ್ರಹ್ಮ ಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದಳು. ಆ ಪ್ರತಿಗಳು ತಾವಾಗಿ ಸಿದ್ಧವಾಗಲಿಲ್ಲ. ಬರೆಯುವ ಕೈಗಳಿಗೆ ಅನ್ನ ಬೇಕಾಗಿತ್ತು. ಓಲೆಯನ್ನಷ್ಟೇ ಕೊಟ್ಟು ಲಿಪಿಕಾರನ ಊಟ ‘ಆಡಳಿತ ವೆಚ್ಚ’ವೆಂದು ತಿರಸ್ಕರಿಸಿದ್ದರೆ ಆ ಶಾಸ್ತ್ರದಾನ ನಡೆಯುತ್ತಿರಲಿಲ್ಲ.

ಹಣ ದುರುಪಯೋಗವಾಗಬಹುದೆಂಬ ದಾನಿಗಳ ಭಯ ನಿರಾಧಾರವಲ್ಲ. ಹೆಸರಿಗಷ್ಟೇ ಇರುವ ಸಂಸ್ಥೆಗಳು ಎಲ್ಲೆಡೆಯೂ ಇವೆ. ಆದರೆ ಪಾತ್ರವಿಚಾರವನ್ನು ಸರಿಯಾದ ಕಡೆ ಅನ್ವಯಿಸಬೇಕು. ಪಾತ್ರದಾನಕ್ಕೂ ಕರುಣಾದಾನಕ್ಕೂ ಭೇದವಿದೆ. ದುಃಖಿತನಿಗೆ ಕೊಡುವ ಕರುಣಾದಾನದಲ್ಲಿ ಅವನ ಕುಲ, ಮತ, ಯೋಗ್ಯತೆಗಳ ಪರೀಕ್ಷೆಗೆ ಎಡೆಯಿಲ್ಲ. ಪರೀಕ್ಷೆಗೆ ಒಳಪಡಬೇಕಾದದ್ದು ನಡುವೆ ನಿಂತು ಹಣ ಪಡೆಯುವ ಸಂಸ್ಥೆ. ಅದರ ಲೆಕ್ಕಪತ್ರ ಬಹಿರಂಗವಾಗಿದೆಯೇ, ಕಾರ್ಯಕರ್ತರಿಗೆ ನ್ಯಾಯವಾದ ಕೂಲಿ ದೊರೆಯುತ್ತಿದೆಯೇ, ಬಡವರು ಅದರ ಸಭೆಯಲ್ಲಿ ಮಾತನಾಡಬಲ್ಲರೇ ಎಂದು ಕೇಳುವುದು ನ್ಯಾಯ. ಇಂದು ನಡೆಯುತ್ತಿರುವುದು ಇದಕ್ಕೆ ತದ್ವಿರುದ್ಧ. ಸಂಸ್ಥೆಯನ್ನು ಕೇಳುವುದಿಲ್ಲ, ಅಕ್ಕಿಯ ಚೀಲ ಪಡೆಯುವ ವಿಧವೆಯನ್ನು ಮಾತ್ರ ದಾನಿಯ ಬ್ಯಾನರಿನ ಕೆಳಗೆ ನಿಲ್ಲಿಸಿ ಫೋಟೋ ತೆಗೆಯಲಾಗುತ್ತದೆ. ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರು ಹೇಳಿದ ದಾತೃವಿನ ಏಳು ಗುಣಗಳಲ್ಲಿ ಮೊದಲನೆಯದು ಐಹಿಕ ಫಲದ ಅಪೇಕ್ಷೆಯಿಲ್ಲದಿರುವುದು, ಕೊನೆಯದು ನಿರಹಂಕಾರ. ಬ್ಯಾನರು ಈ ಎರಡನ್ನೂ ಒಂದೇ ಏಟಿಗೆ ಕಳೆಯುತ್ತದೆ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ನಗರದ ಬಡವನಿಗೆ ಅತ್ಯಂತ ದುರ್ಲಭವಾದದ್ದು ಅಭಯ. ಮನೆ ಬಿಡಿಸುವವರ ಭಯ, ಕೂಲಿ ಸಿಗದ ಭಯ, ಸಾಲದವರ ಭಯ ಅವನನ್ನು ಬಿಡುವುದಿಲ್ಲ. ಕಿರುಸಾಲದ ವಸೂಲಿಗಾರರ ಕಾಟ ತಡೆಯಲು 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತೆಂದರೆ ಆ ಭಯದ ಆಳ ತಿಳಿಯುತ್ತದೆ. ಇದೇ ವಿಜಯಪುರದಲ್ಲಿ ಫ. ಗು. ಹಳಕಟ್ಟಿಯವರು 1910ರಲ್ಲಿ ವಿದ್ಯಾಸಂಸ್ಥೆಯನ್ನೂ 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನೂ ಕಟ್ಟಿದರು. ಹಂಚಿ ಮುಗಿಸುವುದಕ್ಕಿಂತ ನಿಲ್ಲುವಂತಹುದನ್ನು ಕಟ್ಟುವುದು ಮೇಲೆಂಬ ತಿಳಿವಳಿಕೆ ಈ ಮಣ್ಣಿಗೆ ಹೊಸದಲ್ಲ.

ಬಸದಿಗಳ ಟ್ರಸ್ಟುಗಳು ಮಾಡಬಹುದಾದದ್ದು ದೊಡ್ಡದೇನೂ ಅಲ್ಲ. ವರ್ಷಕ್ಕೊಮ್ಮೆ ಹತ್ತು ಕಡೆ ಹಂಚುವ ಮೊತ್ತವನ್ನು ಒಂದೇ ಯೋಗ್ಯ ಸಂಸ್ಥೆಗೆ ಮೂರು ವರ್ಷಗಳ ಕಾಲ ಕೊಡಲಿ. ಅದರಲ್ಲಿ ಇಬ್ಬರು ಕಾರ್ಯಕರ್ತರ ಸಂಬಳವನ್ನು ಸಂಕೋಚವಿಲ್ಲದೆ ಸೇರಿಸಲಿ. ವರದಿಯಲ್ಲಿ ಕಿಟ್‌ಗಳ ಸಂಖ್ಯೆಗೆ ಬದಲಾಗಿ ಎಷ್ಟು ಮಂದಿಗೆ ಪಿಂಚಣಿ ಬಂದಿತು, ಎಷ್ಟು ಕಾರ್ಮಿಕರ ನೋಂದಣಿಯಾಯಿತು ಎಂಬುದನ್ನು ಬರೆಯಲಿ. ಟ್ರಸ್ಟಿನ ಸದಸ್ಯರು ಮೊದಲು ತಂತಮ್ಮ ಗೋದಾಮುಗಳಲ್ಲಿ ಚೀಲದ ತೂಕವನ್ನೂ ಅಟ್ಟಿಯ ಎತ್ತರವನ್ನೂ ಕೂಲಿಯ ಲೆಕ್ಕವನ್ನೂ ಪರೀಕ್ಷಿಸಲಿ. ಇವುಗಳಲ್ಲಿ ಯಾವುದಕ್ಕೂ ಶಿಲಾಫಲಕ ಬೇಕಾಗದು. ದ್ರವ್ಯವನ್ನು ಎಲ್ಲರೂ ಎಣಿಸಬಲ್ಲರು. ವಿಧಿಯನ್ನು ಅರಿತು, ಪಾತ್ರವನ್ನು ಗೌರವಿಸಿ, ತನ್ನನ್ನು ಮರೆಸಿಕೊಳ್ಳಬಲ್ಲವನೇ ದಾತೃ.