ಮೈಕ್ ಲೀಚ್ ಕಟ್ಟಿದ ದಾಳಿ

ಅಮೆರಿಕದ ಕಾಲೇಜು ಫುಟ್‌ಬಾಲ್ ಆಡದೆಯೇ ಅದರ ಚಹರೆ ಬದಲಿಸಿದವರು ಮೈಕ್ ಲೀಚ್. ಓದಿದ್ದು ಕಾನೂನು. 1989ರಲ್ಲಿ ಅಯೋವಾದ ಪುಟ್ಟ ಕಾಲೇಜೊಂದರಲ್ಲಿ ಕೋಚ್ ಹಾಲ್ ಮಮಿ ಜೊತೆ ಸೇರಿ, ಚೆಂಡು ಹೊತ್ತು ನುಗ್ಗುವುದಕ್ಕಿಂತ ಎಸೆಯುವುದನ್ನೇ ನೆಚ್ಚಿದ 'ಏರ್ ರೇಡ್' ಎಂಬ ದಾಳಿಯ ಪದ್ಧತಿ ಕಟ್ಟತೊಡಗಿದರು.

ಅದರ 'ಮೆಶ್' ತಂತ್ರ ನೋಡಲು ಚೆಂದ. ಎರಡು ಬದಿಯಿಂದ ಇಬ್ಬರು ಆಟಗಾರರು ಎದುರುಬದುರು ಓಡಿಬಂದು, ಕೈಗೆ ಕೈ ತಾಗುವಷ್ಟು ಹತ್ತಿರ ಹಾದುಹೋಗುತ್ತಾರೆ. ಬೆನ್ನಟ್ಟಿದ ಎದುರಾಳಿಗಳು ಅಲ್ಲೇ ತೊಡರಿಕೊಳ್ಳುತ್ತಾರೆ. ಒಬ್ಬನಿಗೆ ಕ್ಷಣಮಾತ್ರ ಬಯಲು ಸಿಗುತ್ತದೆ. ಅಷ್ಟು ಸಾಕು. ಲೀಚ್ ಹೆಚ್ಚು ತಂತ್ರ ಕಲಿಸಲಿಲ್ಲ. ಕೆಲವನ್ನೇ ದಿನವೂ ತಿದ್ದಿ ತೀಡಿದರು. ನನಗೆ ಅವರ ನಿಜವಾದ ಪ್ರತಿಭೆ ಕಾಣುವುದು ಈ ಸಂಯಮದಲ್ಲೇ.

1999ರಲ್ಲಿ ಒಕ್ಲಹೋಮಾ ವಿಶ್ವವಿದ್ಯಾಲಯ ತಂಡದ ದಾಳಿ ವಿಭಾಗದ ಹೊಣೆ ಹೊತ್ತರು. ಮರುವರ್ಷ ಆ ತಂಡ ರಾಷ್ಟ್ರೀಯ ಚಾಂಪಿಯನ್ ಆಗುವಾಗ ಅವರು ಟೆಕ್ಸಾಸ್ ಟೆಕ್‌ನ ಮುಖ್ಯ ಕೋಚ್. 2008ರಲ್ಲಿ ಅಗ್ರಸ್ಥಾನದ ಟೆಕ್ಸಾಸ್ ತಂಡವನ್ನು ತವರಾದ ಲಬಕ್‌ನಲ್ಲಿ 39–33ರಿಂದ ಮಣಿಸಿದರು. ಅವರ ಆಟಗಾರ ಕ್ರ್ಯಾಬ್‌ಟ್ರೀ ಗೆಲುವಿನ ಚೆಂಡು ಹಿಡಿದು ಗೆರೆ ದಾಟಿದಾಗ ಉಳಿದಿದ್ದು ಒಂದೇ ಸೆಕೆಂಡು!

2022ರ ಡಿಸೆಂಬರ್‌ನಲ್ಲಿ, 61ನೇ ವಯಸ್ಸಿನಲ್ಲಿ ಲೀಚ್ ತೀರಿಕೊಂಡರು. ಅವರ ಶಿಷ್ಯ ಕ್ಲಿಫ್ ಕಿಂಗ್ಸ್‌ಬರಿ ಅದೇ ಟೆಕ್ಸಾಸ್ ಟೆಕ್‌ನಲ್ಲಿ ಪಳಗಿಸಿದ ಹುಡುಗನೇ ಮುಂದೆ ಖ್ಯಾತ ಕ್ವಾರ್ಟರ್‌ಬ್ಯಾಕ್ ಆದ ಪ್ಯಾಟ್ರಿಕ್ ಮಹೋಮ್ಸ್.